ಮೊದಲನೇ ಲೋಟ

ನಮ್ಮ ಆಫೀಸಿನಲ್ಲಿ ಬೆಳಗಿನ ಟೀ ಶುರುವಾಗಬೇಕೆಂದರೆ ಯಾರಾದರೂ ಒಬ್ಬರು ತಮ್ಮ ತಪ್ಪು ಹೇಳಬೇಕಿತ್ತು. ಹೊಸಬರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಸೇರಿದ ದಿನ ನಾನೂ ನಕ್ಕಿದ್ದೆ.

ನಮ್ಮದು ಲಿಫ್ಟ್ ರಿಪೇರಿ ಕಂಪನಿ. ಕಂಪನಿ ಅಂದರೆ ದೊಡ್ಡ ಮಾತಾಯಿತು. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಹಾಲ್, ಪಕ್ಕದಲ್ಲಿ ಸಾಮಾನು ಇಡುವ ಕೋಣೆ, ಒಂದಷ್ಟು ಮೆಕ್ಯಾನಿಕ್‌ಗಳು, ಅವರ ಬೈಕುಗಳು, ಮತ್ತು ಫೋನಿನ ಮುಂದೆ ನಾನು. ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟು ನಿಂತರೂ, ಇಂದಿರಾನಗರದ ನರ್ಸಿಂಗ್ ಹೋಮಿನಲ್ಲಿ ಬಾಗಿಲು ಮುಚ್ಚಿಕೊಳ್ಳದಿದ್ದರೂ ಮೊದಲು ಬೈಗುಳ ತಿನ್ನುವವಳು ನಾನು. ತಿಂದದ್ದನ್ನು ಸ್ವಲ್ಪ ಸೋಸಿ ಮೆಕ್ಯಾನಿಕ್‌ಗೆ ದಾಟಿಸುವುದು ನನ್ನ ಕೆಲಸ. ಬಾಯಿ ಜೋರು ಅಂತ ಮನೆಯಲ್ಲಿ ಹೆಸರು ತೆಗೆದುಕೊಂಡವಳಿಗೆ ಚೆನ್ನಾಗಿಯೇ ಹೊಂದಿತು. ನಮ್ಮ ಮನೆ ದೊಮ್ಮಲೂರಿನ ಹಳೇ ಊರಿನೊಳಗೆ. ಮಾವನವರು ಸೊಪ್ಪು ಬೆಳೆಯುತ್ತಿದ್ದ ಜಾಗದ ಮೇಲೆ ಈಗ ರಿಂಗ್ ರೋಡಿನ ಗಾಡಿಗಳು ಓಡುತ್ತವೆ, ಉಳಿದ ಚೂರಿನಲ್ಲಿ ಬಾಡಿಗೆ ಮನೆ ಕಟ್ಟಿಕೊಂಡಿದ್ದೇವೆ. ದುಡಿಯಲೇಬೇಕಾದ ಗತಿ ನನಗಿರಲಿಲ್ಲ. ಮಧ್ಯಾಹ್ನ ಸೀರಿಯಲ್ ನೋಡುತ್ತಾ ಕೂರುವ ಜಾಯಮಾನ ನನ್ನದಲ್ಲ ಅಂತ ಕೆಲಸಕ್ಕೆ ಹೋದವಳು, ಆ ಬೆಳಗಿನ ಟೀಗೋಸ್ಕರ ಉಳಿದುಬಿಟ್ಟೆ.

ಟೀ ಪದ್ಧತಿ ಹಾಕಿದವರು ಕಂಪನಿ ಕಟ್ಟಿದ ಯಜಮಾನರು. ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳರು. ಹೆಂಗಸರು ಯಾರೇ ಆದರೂ ಮಾತಿನ ಕೊನೆಗೆ ಒಂದು 'ಮಾ' ಸೇರಿಸುವವರು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಎಲ್ಲರೂ ಹಾಲ್‌ನಲ್ಲಿ ಸೇರಬೇಕು. ಮೂಲೆ ಅಂಗಡಿಯಿಂದ ಕೆಟಲ್ ಬರುತ್ತಿತ್ತು. ಅವರು ತಾವೇ ಗಾಜಿನ ಲೋಟಗಳಿಗೆ ಟೀ ಬಗ್ಗಿಸಿ ತಟ್ಟೆಯಲ್ಲಿಟ್ಟು, ಮೊದಲನೇ ಲೋಟವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದರು. ಅದು ನಿನ್ನೆ ಮಾಡಿದ ತಪ್ಪನ್ನು ಹೇಳುವವನಿಗೆ. ಅವನು ಹೇಳಿ, ಲೋಟ ಇಸಿದುಕೊಂಡು, ಒಂದು ಗುಟುಕು ಕುಡಿದ ಮೇಲೇ ಉಳಿದವರಿಗೆ. ಯಾರೂ ಬಾಯಿ ಬಿಡದಿದ್ದರೆ ಟೀ ಆರುತ್ತದೆ, ಬೈಕುಗಳು ಹೊರಡುವುದಿಲ್ಲ, ನನ್ನ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತದೆ. ಆಗ ಅವರೇ ತಮ್ಮದೊಂದನ್ನು ಹೇಳುತ್ತಿದ್ದರು. "ನೆನ್ನೆ ಒಂದು ಪಾರ್ಟಿಗೆ ನಿಮ್ಮ ಲಿಫ್ಟ್ ರೋಪ್ ಇನ್ನೂ ಒಂದ್ ವರ್ಷ ತಡೆಯುತ್ತೆ ಅಂದ್ಬಿಟ್ಟೆ ಮಾ. ನೋಡ್ದೇನೇ ಅಂದೆ. ಇವತ್ತು ಹೋಗಿ ನೋಡ್ಬೇಕು." ಹಾಗಂದು ಲೋಟ ಖಾಲಿ ಮಾಡುತ್ತಿದ್ದರು.

ತಪ್ಪು ಹೇಳಿದವನಿಗೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಈಗ ಸರಿ ಇದೆಯಾ?" ಇದೆ ಅಂದರೆ ಮುಗಿಯಿತು. ಇಲ್ಲ ಅಂದರೆ ಇನ್ನೊಬ್ಬನನ್ನು ಜೊತೆಗೆ ಕಳಿಸುತ್ತಿದ್ದರು. ಯಾಕೆ ಮಾಡಿದೆ, ಬುದ್ಧಿ ಎಲ್ಲಿಟ್ಟಿದ್ದೆ, ಅಂಥದ್ದೇನೂ ಇಲ್ಲ. ಅವರಿಗೆ ಕೋಪ ಬರುತ್ತಿರಲಿಲ್ಲ ಅಂತಲ್ಲ. ಬಂದಾಗ ಎದ್ದು ಗಲ್ಲಿಯ ತುದಿಯವರೆಗೆ ಹೋಗಿ, ಮುಖ ಸರಿಮಾಡಿಕೊಂಡು ವಾಪಸ್ ಬರುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ.

ಆ ಟೀಯಿಂದ ಏನಾಗುತ್ತಿತ್ತು ಅಂತ ಕೇಳಿದರೆ ನಾನು ಕೆಂಪು ಬಟ್ಟೆಯ ವಿಷಯ ಹೇಳುತ್ತೇನೆ. ರಿಪೇರಿ ಮಾಡುವಾಗ, ಬಾಗಿಲು ತೆರೆದಿದ್ದರೂ ಲಿಫ್ಟ್ ಓಡಲಿ ಅಂತ ಮೆಕ್ಯಾನಿಕ್‌ಗಳು ಬಾಗಿಲಿನ ಲಾಕಿಗೆ ಅಡ್ಡಲಾಗಿ ಒಂದು ತುಂಡು ವೈರು ಹಾಕುತ್ತಾರೆ. ಅದಕ್ಕೆ ಜಂಪರ್ ಅನ್ನುತ್ತಾರೆ, ಕೆಲವೊಮ್ಮೆ ಎರಡು ಹಾಕಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ಮರೆತು ಬಂದರೆ ಬಾಗಿಲು ಬಾಯಿ ಬಿಟ್ಟುಕೊಂಡೇ ಲಿಫ್ಟ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಆ ಹೊತ್ತಿಗೆ ಕಾಲಿಟ್ಟವರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಒಬ್ಬ ಜಂಪರ್ ಮರೆತಿದ್ದೆ ಅಂತ ಟೀಯಲ್ಲಿ ಹೇಳಿದ. ಸ್ವಲ್ಪ ದಿನಕ್ಕೆ ಇನ್ನೊಬ್ಬ ಹೇಳಿದ. ಆಮೇಲೆ ಮತ್ತೊಬ್ಬ. ಮೂವರೂ ಹೇಳಿದ್ದರಿಂದಲೇ ಇದು ಒಬ್ಬನ ಮರೆಗುಳಿತನವಲ್ಲ ಅಂತ ಎಲ್ಲರಿಗೂ ತಿಳಿಯಿತು. ಲಾಕಿನ ವೈರು ಬಂದು ಸೇರುವ ಪ್ಯಾನೆಲ್ ಪೆಟ್ಟಿಗೆಯಲ್ಲಿ ಅಷ್ಟೊಂದು ವೈರುಗಳ ನಡುವೆ ಆ ತುಂಡು ಕಣ್ಣಿಗೇ ಬೀಳುತ್ತಿರಲಿಲ್ಲ. ಮಾರನೇ ದಿನ ನಾನು ರಸೆಲ್ ಮಾರ್ಕೆಟ್ ಪಕ್ಕದ ಬಟ್ಟೆ ಅಂಗಡಿಯಿಂದ ಕೆಂಪು ಬಟ್ಟೆ ತಂದೆ. ಮನೆಯಲ್ಲಿ ಮಿಷನ್ನಿನ ಮೇಲೆ ಉದ್ದುದ್ದ ಪಟ್ಟಿ ಹೊಲಿದು ಎಲ್ಲರ ಜಂಪರಿಗೂ ಕಟ್ಟಿಕೊಟ್ಟೆ. ಜಂಪರ್ ಒಳಗಿದ್ದರೆ ಆ ಪಟ್ಟಿ ಹೊರಗೆ ಜೋತುಬಿದ್ದು, ಪ್ಯಾನೆಲ್ ಬಾಗಿಲು ಹಾಕುವಾಗ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಜಂಪರ್ ಮರೆತ ಕಥೆ ಟೀಯಲ್ಲಿ ಬರಲಿಲ್ಲ. ಹುಡುಗರು ಅದಕ್ಕೆ 'ಅಕ್ಕನ ರಿಬ್ಬನ್' ಅಂತ ಹೆಸರಿಟ್ಟರು. ಕಿವಿಗೆ ಬಿದ್ದಾಗ ಚೆನ್ನಾಗಿ ಬೈದೆ, ಒಳಗೊಳಗೆ ಖುಷಿಪಟ್ಟೆ.

ಮೊದಲನೇ ಲೋಟಕ್ಕೆ ಎಲ್ಲರಿಗಿಂತ ಹೆಚ್ಚು ಕೈ ಚಾಚುತ್ತಿದ್ದವನು ಯಾದಗಿರಿ ಕಡೆಯ ಒಬ್ಬ ಮೆಕ್ಯಾನಿಕ್. ಹೆಂಡತಿ, ಶಾಲೆಗೆ ಹೋಗುವ ಮಗಳು, ಕೆ.ಆರ್. ಪುರದಲ್ಲಿ ಬಾಡಿಗೆಗೆ ಒಂದು ರೂಮು. ಹೆಚ್ಚು ತಪ್ಪು ಮಾಡುವವನೇನಲ್ಲ, ಹೇಳುವುದರಲ್ಲಿ ಅವನಿಗೊಂದು ರುಚಿ ಇತ್ತು. "ನಿನ್ನಿ ನನ್ನ ತಲಿ ಎಲ್ಲಿತ್ತೋ ಏನೋ ಅಕ್ಕಾರ," ಅಂತ ಶುರುಮಾಡಿ, ಬಿಲ್ಡಿಂಗಿನ ಸೆಕ್ರೆಟರಿ ಹೇಗೆ ಹುಬ್ಬು ಗಂಟಿಕ್ಕಿದ, ತಾನು ಹೇಗೆ ಬೆವೆತ ಎಂದೆಲ್ಲ ನಟಿಸಿ ತೋರಿಸಿ, ಕೊನೆಗೆ ತಪ್ಪಿಗೆ ಬರುವನು. ಶಿವಾಜಿನಗರದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು, ಅವರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದೆವು. "ಬಿಸಿ ಟೀ ಆಸೆಗೇ ತಪ್ಪು ಮಾಡ್ತಾನೆ ಅಕ್ಕಾ ಇವನು," ಅಂತ ಅವರು ರೇಗಿಸುತ್ತಿದ್ದರು. ಅವನು ಹಲ್ಲು ಕಿರಿಯುತ್ತ ಇನ್ನೊಂದು ಗುಟುಕು ಹೀರುತ್ತಿದ್ದ.

ಯಜಮಾನರ ಮಂಡಿ ಹೋಯಿತು, ಮೆಟ್ಟಿಲು ಹತ್ತಲಾಗದೆ ಹೋಯಿತು. ಕಂಪನಿಯನ್ನು ಒಂದು ದೊಡ್ಡ ಸಂಸ್ಥೆಗೆ ಮಾರಿದರು. ಕೊನೆಯ ದಿನವೂ ತಾವೇ ಟೀ ಬಗ್ಗಿಸಿದರು. ಆಮೇಲೆ, "ಮಾರಿದ್ದು ತಪ್ಪೋ ಏನೋ, ನಂಗೆ ಗೊತ್ತಾಗ್ತಾ ಇಲ್ಲ ಮಾ," ಅಂತ ನನ್ನ ಕಡೆ ನೋಡಿ, ಮೊದಲನೇ ಲೋಟವನ್ನು ತಾವೇ ತೆಗೆದುಕೊಂಡರು. ಈಗ ಸರಿ ಇದೆಯಾ ಅಂತ ನಾವ್ಯಾರೂ ಅವರನ್ನು ಕೇಳಲಿಲ್ಲ.

ಹೊಸಬರು ಬಂದು ಮೊದಲು ಗೋಡೆಗೆ ಬಣ್ಣ ಹೊಡೆಸಿದರು. ಬಣ್ಣದ ಮೇಲೆ ಸಂಸ್ಥೆಯ ಮೌಲ್ಯಗಳು ಬಂದು ಕೂತವು: ಸುರಕ್ಷತೆ, ಪಾರದರ್ಶಕತೆ, ಗೌರವ, ಹೀಗೆ, ಹಾಲಿನ ಈ ತುದಿಯಿಂದ ಆ ತುದಿಯವರೆಗೆ. ನನ್ನ ಕುರ್ಚಿ ಸರಿಯಾಗಿ ಗೌರವದ ಕೆಳಗೆ. ಮೆಕ್ಯಾನಿಕ್‌ಗಳಿಗೆ ಯೂನಿಫಾರ್ಮ್ ಕೊಟ್ಟರು, ಹೊಸ ಟೂಲ್ ಬ್ಯಾಗ್ ಕೊಟ್ಟರು, ಫೋನಿಗೆ ಒಂದು ಆ್ಯಪ್ ಹಾಕಿದರು. ಯಾರು ಯಾವ ಬಿಲ್ಡಿಂಗಿಗೆ ಹೋದರು, ಎಷ್ಟು ಹೊತ್ತು ಇದ್ದರು, ಎಲ್ಲ ಅದರಲ್ಲಿ ಕಾಣುತ್ತದೆ. ತಾನೇ ರಿಪೇರಿ ಮಾಡಿದ ಲಿಫ್ಟಿಗೆ ಮತ್ತೆ ಹೋದರೆ ಆ ಮೆಕ್ಯಾನಿಕ್‌ನ ಹೆಸರಿನ ಮುಂದೆ ಕೆಂಪು ಚುಕ್ಕೆ. ಹೊಸ ಬ್ಯಾಗಿನಲ್ಲಿ ನೀಟಾದ, ಗಿಡ್ಡನೆಯ ಕಪ್ಪು ಜಂಪರ್ ಇತ್ತು. ನನ್ನ ಕೆಂಪು ಪಟ್ಟಿಗಳು ನೋಡಲು ಚೆನ್ನಾಗಿಲ್ಲ, ಗಿರಾಕಿಗಳ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದರು. ಬುಟ್ಟಿಯಿಂದ ಎತ್ತಿ, ಒದರಿ, ನನ್ನ ಡ್ರಾಯರಿನಲ್ಲಿಟ್ಟುಕೊಂಡೆ. ಹೊಟ್ಟೆ ಉರಿಯಿತು, ಆದರೆ ಬಟ್ಟೆ ತುಂಡಿಗಾಗಿ ಜಗಳವಾಡುವುದೇ ಅಂತ ಸುಮ್ಮನಾದೆ.

ನಮ್ಮ 'ಕಲ್ಚರ್' ಬದಲಾಯಿಸುವ ಹೊಣೆ ಹೊತ್ತು ಇಂದಿರಾನಗರದ ಹೆಡ್ ಆಫೀಸಿನಿಂದ ಒಬ್ಬ ಮ್ಯಾನೇಜರ್ ಬಂದ. ನನ್ನ ಮಗನ ವಯಸ್ಸಿನವನು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯ ಹುಡುಗ, ಅದೇ ಸಂಕಟ. ಎಲ್ಲರಿಗೂ ನೀವು ಅನ್ನುವನು, ನನಗೆ ತಾನೇ ಕುರ್ಚಿ ಎಳೆದು ಕೊಡುವನು. ನಮ್ಮ ಟೀ ವಿಷಯ ಕೇಳಿ ನೋಡಬೇಕೆಂದು ಒಂದು ಬೆಳಗ್ಗೆ ಬಂದು ಕೂತ. ಯಜಮಾನರು ಇಲ್ಲದ ಮೇಲೆ ಲೋಟ ಹಿಡಿಯುವ ಪಾಳಿ ನನ್ನದಾಗಿತ್ತು. ಹಿಡಿದುಕೊಂಡು ಕೂತೆ.

ಯಾದಗಿರಿಯವನು ಕೈ ಚಾಚಿದ. "ನಿನ್ನಿ ದೊಮ್ಮಲೂರ ಬಿಲ್ಡಿಂಗ್‌ನಾಗ ಜಂಪರ್ ಹಂಗಾ ಬಿಟ್ಟು ಬಂದಿದ್ದೆ ಅಕ್ಕಾರ. ಕೆ.ಆರ್. ಪುರದ ಬ್ರಿಜ್ ಮ್ಯಾಲೆ ಟ್ರಾಫಿಕ್‌ನಾಗ ನಿಂತಾಗ ಒಮ್ಮಿಗ್ಲೆ ನೆನಪಾತು. ಎದಿ ಝಲ್ ಅಂತು. ಗಾಡಿ ತಿರುವಿ ವಾಪಸ್ ಹೋಗಿ ತಗದೆ. ಮಳಿ ಬ್ಯಾರೆ. ಮನಿಗಿ ಹೋದ್ರ ಹೆಂಡ್ತಿ, ಇಷ್ಟೊತ್ತನ ಯಾವ ಊರಿಗಿ ಹೋಗಿದ್ದಿ ಅಂತ ಬಾಗ್ಲಾನೇ ತಗೀಲಿಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಈಗ ಸರಿ ಇದೆಯಾ?" ಅಂದೆ.

"ಸರಿ ಐತ್ರಿ. ಖರೇ ಹೇಳ್ಬೇಕಂದ್ರ, ನಿಮ್ಮ ಕೆಂಪು ಬಟ್ಟಿ ಇದ್ದಿದ್ರ ಆಗ್ಲೇ ಕಣ್ಣಿಗಿ ಬೀಳ್ತಿತ್ರಿ. ಈ ಕರೀದು ಕಾಣಂಗೇ ಇಲ್ಲ."

ಲೋಟ ಅವನ ಕೈಗೆ ಕೊಟ್ಟೆ. ಮ್ಯಾನೇಜರ್ ಚಪ್ಪಾಳೆ ತಟ್ಟಿದ. "ಇಷ್ಟು ಓಪನ್ ಆಗಿರೋ ಟೀಮ್ ನಾನು ಎಲ್ಲೂ ನೋಡಿಲ್ಲ," ಅಂದ. ಮನಸ್ಸಿನಿಂದಲೇ ಅಂದ, ಅದರಲ್ಲಿ ನನಗೆ ಅನುಮಾನವಿಲ್ಲ. ಹೋಗುವಾಗ ಯಾದಗಿರಿಯವನ ಭುಜವನ್ನೂ ತಟ್ಟಿಹೋದ.

ಸ್ವಲ್ಪ ದಿನ ಕಳೆದು ಒಂದು ಬೆಳಗ್ಗೆ ಯಾದಗಿರಿಯವನ ಆ್ಯಪ್ ತೆರೆದುಕೊಳ್ಳಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಅಂತ ಅವನು ಹಾಲಿನ ಮೂಲೆ ಮೂಲೆಗೂ ಹೋಗಿ ಫೋನನ್ನು ಮೇಲೆತ್ತಿ ಹಿಡಿದು ನೋಡಿದ. ಗಲ್ಲಿಗೂ ಹೋಗಿ ಬಂದ. ಆಮೇಲೆ ನನ್ನ ಫೋನು ಬಡಿಯಿತು. ಹೆಡ್ ಆಫೀಸಿನ ಯಾವುದೋ ಹೆಣ್ಣುಮಗಳು, ಅವನನ್ನು ಕೆಲಸದಿಂದ ತೆಗೆಯಲಾಗಿದೆ, ಬ್ಯಾಗು ಯೂನಿಫಾರ್ಮು ಇಸಿದುಕೊಳ್ಳಿ ಅಂದಳು. ಜಂಪರ್ ಬಿಟ್ಟು ಬರುವುದು ಸುರಕ್ಷತೆಯ ದೊಡ್ಡ ಉಲ್ಲಂಘನೆ, ಅವನೇ ಒಪ್ಪಿಕೊಂಡಿದ್ದರಿಂದ ವಿಚಾರಣೆಯ ಅಗತ್ಯವಿಲ್ಲವಂತೆ. ನಾನು ಅದನ್ನು ಅವನಿಗೆ ಹೇಳಬೇಕಾಯಿತು. ಇಷ್ಟು ವರ್ಷ ಎಷ್ಟೋ ಕೆಟ್ಟ ಸುದ್ದಿ ದಾಟಿಸಿದ ಬಾಯಿ ನನ್ನದು, ಅವತ್ತು ತೊದಲಿತು. ಅವನು ಅಲ್ಲೇ ಬೈಕಿನ ಹಿಂದೆ ನಿಂತು ಯೂನಿಫಾರ್ಮಿನ ಅಂಗಿ ಬಿಚ್ಚಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟ. ಬನಿಯನ್ನಿನ ಮೇಲೇ ಹೊರಟವನನ್ನು ಭಾಯ್ ತಡೆದು, ತಮ್ಮ ಮಳೆ ಜಾಕೆಟ್ ತೊಡಿಸಿ ಕಳಿಸಿದರು.

ಮಧ್ಯಾಹ್ನವೇ ನಾನು ಇಂದಿರಾನಗರಕ್ಕೆ ಹೋದೆ. ಗಾಜಿನ ಕಟ್ಟಡ, ಒಳಗೆ ಚಳಿ. ಮ್ಯಾನೇಜರ್ ಎದ್ದು ನಿಂತ, ಕುರ್ಚಿ ಎಳೆದುಕೊಟ್ಟ.

"ಅವನು ಹೇಳದೇ ಇದ್ದಿದ್ರೆ ನಿಮಗೆ ಗೊತ್ತಾಗ್ತಿತ್ತೇನ್ರೀ?" ಅಂತ ಕೇಳಿದೆ.

"ಇಲ್ಲ ಮೇಡಂ. ಆ್ಯಪಲ್ಲಿ ಮತ್ತೆ ಹೋಗಿದ್ದು ಮಾತ್ರ ಕಾಣುತ್ತೆ, ಯಾಕೆ ಅನ್ನೋದು ಕಾಣಲ್ಲ. ಆದ್ರೆ ಹೇಳಿದ್ಮೇಲೆ ನಾನು ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ವಲ್ಲ. ನಾಳೆ ಆ ಬಿಲ್ಡಿಂಗ್‌ನಲ್ಲಿ ಏನಾದ್ರೂ ಆದ್ರೆ ನನ್ನನ್ನೇ ಕೇಳ್ತಾರೆ. ಸೇಫ್ಟಿ ವಿಷಯದಲ್ಲಿ ಝೀರೋ ಟಾಲರೆನ್ಸ್."

"ಹೇಳದೇ ಇದ್ದಿದ್ರೆ ಕೆಲಸ ಇರ್ತಿತ್ತು. ಹೇಳಿದ್ದಕ್ಕೆ ಹೋಯ್ತು. ಇದು ನಮ್ಮ ಉಳಿದ ಹುಡುಗರಿಗೆ ಅರ್ಥ ಆಗಲ್ಲ ಅನ್ಕೊಂಡಿದ್ದೀರಾ?"

"ನೀವು ಎಮೋಷನಲ್ ಆಗ್ತಿದ್ದೀರಿ ಮೇಡಂ," ಅಂದು ಅವನು ನನ್ನ ಮುಂದೆ ನೀರಿನ ಬಾಟಲಿ ಇಟ್ಟ.

ಆ ಬಾಟಲಿಯನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ನಾನು ಹೇಳಿದ್ದನ್ನೇ ಹೇಳಿದೆ, ಅವನು ಹೇಳಿದ್ದನ್ನೇ ಹೇಳಿದ. ವಾಪಸ್ ಬರುವಾಗ ಹಲಸೂರಿನವರೆಗೂ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಹೇಳಬೇಕಾಗಿದ್ದ ಮಾತುಗಳು ಒಂದೊಂದಾಗಿ ಹೊಳೆಯುತ್ತಿದ್ದವು.

ಮಾರನೇ ಬೆಳಗ್ಗೆ ಮೊದಲನೇ ಲೋಟ ಹಿಡಿದು ಕೂತಾಗ ಯಾರೂ ಕೈ ಚಾಚಲಿಲ್ಲ. ನನ್ನದೇ ಒಂದು ತಪ್ಪು ಹೇಳಿದೆ, ಹಿಂದಿನ ದಿನ ಒಂದು ವಿಳಾಸ ತಪ್ಪಾಗಿ ಕೊಟ್ಟಿದ್ದೆ. ನನಗೆ ಗೌರವ ಕೊಡಬೇಕಲ್ಲ ಅನ್ನುವಂತೆ ತಲೆ ಆಡಿಸಿ ಟೀ ಕುಡಿದು ಹೋದರು. ಅದರ ಮಾರನೇ ದಿನವೂ ಹಾಗೇ. ದಿನಾ ನಾನೊಬ್ಬಳೇ ತಪ್ಪು ಮಾಡುವವಳಾದೆ. ಅಷ್ಟರಲ್ಲಿ ಹೆಡ್ ಆಫೀಸಿನಿಂದ ಟೀ ಮಿಷನ್ ಬಂತು, ಗುಂಡಿ ಒತ್ತಿದರೆ ಕಾಗದದ ಕಪ್ಪಿಗೆ ಟೀ ಬೀಳುತ್ತದೆ. ಬಂದವರು ಬಂದ ಹಾಗೆ ಒತ್ತಿ, ನಿಂತೇ ಕುಡಿದು, ಹೊರಟರು. ಗಾಜಿನ ಲೋಟಗಳನ್ನು ನಾನು ತೊಳೆದು ಸಾಮಾನಿನ ಕೋಣೆಗೆ ಇಟ್ಟೆ.

ನಾನು ಆಗಲೇ ಕೆಲಸ ಬಿಡಬಹುದಿತ್ತು. ಗಂಡ, ಮಗ, ಎಲ್ಲರೂ ಬಿಡು ಅಂದರು. ಯಾದಗಿರಿಯವನನ್ನು ವಾಪಸ್ ತರುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ ಅನ್ನುವ ಹಟ ಹಿಡಿಯಿತು. ಒಳಗೆ ಇನ್ನೂ ಒಂದು ಆಸೆ. ಅವನು ಬಂದು ಮೊದಲಿನ ಹಾಗೆ ಕೈ ಚಾಚಿದರೆ ಉಳಿದವರ ಬಾಯಿಯೂ ತೆರೆದೀತು, ನಮ್ಮ ಬೆಳಗಿನ ಟೀ ಮತ್ತೆ ನಮ್ಮದಾದೀತು ಅಂತ. ಬೇರೇನೂ ನಾನು ಬಯಸಲಿಲ್ಲ.

ಈ ನಡುವೆ ಆ್ಯಪಿನಲ್ಲಿ ಎಲ್ಲವೂ ಸರಿ ಇತ್ತು. ನನ್ನ ಫೋನಿನಲ್ಲಿ ಯಾವುದೂ ಸರಿ ಇರಲಿಲ್ಲ. ರಿಪೇರಿಯಾದ ಲಿಫ್ಟುಗಳಿಂದಲೇ ಮತ್ತೆ ಮತ್ತೆ ಕರೆ. ಯಾರನ್ನು ಕೇಳಿದರೂ "ನಾನ್ ಹೋದಾಗ ಸರಿಯಾಗೇ ಇತ್ತು ಅಕ್ಕಾ." ಒಬ್ಬನ ಕೆಲಸ ಕೆಟ್ಟರೆ ಇನ್ನೊಬ್ಬ ಸದ್ದಿಲ್ಲದೆ ಹೋಗಿ ಸರಿಮಾಡಿ, ಕರೆಂಟಿನ ತೊಂದರೆ ಅಂತಲೋ ಧೂಳು ಅಂತಲೋ ಆ್ಯಪಿನಲ್ಲಿ ಹಾಕಿಬಿಡುವನು. ಸುಳ್ಳು ಹೇಳುವುದರಲ್ಲಿ ಅವರಲ್ಲಿ ಒಂದು ಒಗ್ಗಟ್ಟು ಬಂದುಬಿಟ್ಟಿತ್ತು. ಮುಂಚೆ ಅದೇ ಒಗ್ಗಟ್ಟು ಬೇರೆ ಕೆಲಸಕ್ಕೆ ಬರುತ್ತಿತ್ತು.

ಕೊನೆಗೊಂದು ದಿನ ಅದೇ ಮ್ಯಾನೇಜರ್ ಬಂದು ನನ್ನೆದುರು ಕೂತ. ಮುಖ ಬಾಡಿತ್ತು. "ಯಾರೂ ಮಾತಾಡ್ತಿಲ್ಲ ಮೇಡಂ. ಜನ ಭಯ ಇಲ್ದೆ ತಪ್ಪು ಹೇಳೋ ಕಲ್ಚರ್ ತರಬೇಕು ಅಂತ ಮೇಲಿಂದ ಹೇಳ್ತಿದ್ದಾರೆ. ನಂಗೆ ನಿಮ್ಮ ಟೀ ನೆನಪಾಯ್ತು. ಅದನ್ನ ಎಲ್ಲಾ ಬ್ರಾಂಚಲ್ಲೂ ಮಾಡೋಣ ಅಂತ. ಇಲ್ಲಿಂದ್ಲೇ ಶುರು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅವನನ್ನ ವಾಪಸ್ ಕರೆಸಿ. ತಪ್ಪು ಹೇಳಿದ್ರೆ ಯಾರ್ನೂ ಏನೂ ಮಾಡಲ್ಲ ಅಂತ ಎಲ್ರ ಮುಂದೆ ಹೇಳಿ. ಆಮೇಲೆ ಟೀ ವಿಷಯ," ಅಂದೆ. ಅವನು ಒಪ್ಪಿದ. ಮೇಲಿನವರನ್ನೂ ಒಪ್ಪಿಸಿದ. ಅಷ್ಟರಮಟ್ಟಿಗೆ ಅವನು ಕಷ್ಟಪಟ್ಟ ಅಂತ ಹೇಳಲೇಬೇಕು.

ಕೆ.ಆರ್. ಪುರಕ್ಕೆ ನಾನೇ ಹೋದೆ. ಮಾರ್ಕೆಟ್ ದಾಟಿ, ಒಂದರ ಪಕ್ಕ ಒಂದು ರೂಮುಗಳ ಸಾಲು. ಅವನು ಹೊರಮಾವಿನಲ್ಲಿ ಯಾರೋ ಕಂಟ್ರಾಕ್ಟರ್ ಹತ್ತಿರ ದಿನಗೂಲಿಗೆ ಹೋಗುತ್ತಿದ್ದ, ಇನ್ನೂ ಬಂದಿರಲಿಲ್ಲ. ಹೆಂಡತಿ ಚಾಪೆ ಹಾಸಿ ಕೂರಿಸಿದಳು. ರೊಟ್ಟಿ ತಟ್ಟುತ್ತಲೇ, ತಲೆ ಎತ್ತದೆ ಕೇಳಿದಳು.

"ಖರೇ ಹೇಳಿದ್ದಕ್ಕ ಅಪ್ಪನ ಕೆಲ್ಸ ಹೋತಂತ, ಹೌದೇನ್ ಅಂತ ಮಗಳು ಕೇಳ್ತಾಳ್ರಿ. ಅಕಿಗಿ ಏನ್ ಹೇಳ್ಲಿ ಅಕ್ಕಾರ?"

ಎರಡು ರೊಟ್ಟಿ ತಿಂದು ಕೂತೆ. ಅವನು ಬಂದ. ತೆಳ್ಳಗಾಗಿದ್ದ. ನಾನು ಎಲ್ಲವನ್ನೂ ಹೇಳಿದೆ, ಮ್ಯಾನೇಜರ್ ಕೊಟ್ಟ ಮಾತನ್ನೂ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಲಿಲ್ಲ.

"ಬರ್ತೀನ್ರಿ ಅಕ್ಕಾರ. ಈ ಸಲ ಶಾಣ್ಯಾ ಆಗಿ ಇರ್ತೀನಿ."

ಜಾಣನಾಗಿರುತ್ತೇನೆ ಅಂದದ್ದನ್ನು ತಮಾಷೆ ಅಂದುಕೊಂಡು ನಕ್ಕೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು; ಮನೆ ಮುಟ್ಟುವವರೆಗೂ ಮನಸ್ಸು ಹಗುರವಾಗಿತ್ತು.

ಅವನು ಮತ್ತೆ ಸೇರಿ ಸ್ವಲ್ಪ ದಿನಕ್ಕೆ ಹೊಸ ಟೀಗೆ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಸಂಜೆ ಹೊರಮಾವಿನ ಒಂದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಫೋನ್ ಮಾಡಿದ. "ಮೇಡಂ, ಬಾಗಿಲು ತೆಗ್ದಿರೋ ಹಾಗೇ ಲಿಫ್ಟ್ ಮೇಲೆ ಹೋಯ್ತು. ಒಬ್ರು ಅಜ್ಜಿ ಕಾಲಿಡೋಕೆ ಹೋಗಿದ್ರು, ನಾನು ಸೆರಗು ಹಿಡಿದು ಎಳ್ಕೊಂಡೆ. ಕೈ ತರಚಿದೆ ಅಷ್ಟೇ." ಆ ಲಿಫ್ಟಿನ ಕೆಲಸ ಮಧ್ಯಾಹ್ನ ಮುಗಿಸಿ ಬಂದವನು ಯಾದಗಿರಿಯವನೇ. ಮೈನ್ ಸ್ವಿಚ್ ಆಫ್ ಮಾಡಿ, ಯಾರನ್ನೂ ಹತ್ತಿರ ಬಿಡಬೇಡ ಅಂತ ಸೆಕ್ಯೂರಿಟಿಯವನಿಗೆ ಹೇಳಿದೆ. ಹತ್ತಿರದಲ್ಲಿದ್ದವರು ಭಾಯ್. ಅವರನ್ನು ಕಳಿಸಿದೆ.

ಭಾಯ್ ಫೋನ್ ಮಾಡಿದಾಗ ದನಿ ತಗ್ಗಿಸಿದ್ದರು. "ಜಂಪರ್ ಇತ್ತು ಅಕ್ಕಾ. ತೆಗ್ದು ಲಿಫ್ಟ್ ಮತ್ತೆ ಆನ್ ಮಾಡಿದ್ದೀನಿ. 'ಸೆನ್ಸರ್‌ನಲ್ಲಿ ಧೂಳು' ಅಂತ ಹಾಕಿ. ಬೇರೆ ಏನೂ ಹಾಕ್ಬೇಡಿ. ಬಾಲ್ ಬಚ್ಚೇವಾಲಾ, ಮನೇಲಿ ಹೆಂಡ್ತಿ ಮಗಳು, ಈಗಷ್ಟೇ ಬಂದಿದ್ದಾನೆ."

ನಾನು ಧೂಳು ಅಂತ ಹಾಕಿದೆ. ಆಮೇಲೆ ಯಾದಗಿರಿಯವನಿಗೆ ಫೋನ್ ಮಾಡಿ, ಅಜ್ಜಿಯ ವಿಷಯ ಸಮೇತ ಎಲ್ಲ ಹೇಳಿದೆ. "ನಾಳೆ ಟೀಯಲ್ಲಿ ನೀನೇ ಹೇಳು. ಯಾರೂ ಏನೂ ಮಾಡಲ್ಲ, ನಾನಿದ್ದೀನಿ," ಅಂದೆ. "ಆತ್ರಿ," ಅಂದ.

ಮಾರನೇ ಬೆಳಗ್ಗೆ ಗಾಜಿನ ಲೋಟಗಳನ್ನು ಹೊರಗೆ ತಂದು ತೊಳೆದೆ. ಮೂಲೆ ಅಂಗಡಿಯ ಕೆಟಲ್ ಬಂತು, ಜೊತೆಗೆ ಹೆಡ್ ಆಫೀಸಿನವರು ತರಿಸಿದ ಸಮೋಸಾ. ಗೋಡೆಗೆ 'ತಪ್ಪು ಹೇಳುವ ಧೈರ್ಯ' ಅಂತ ಬ್ಯಾನರ್. ಫೋಟೋ ತೆಗೆಯುವವನೊಬ್ಬ. ಮ್ಯಾನೇಜರ್ ಎದ್ದು, ಇಲ್ಲಿ ಏನೇ ಹೇಳಿದರೂ ಯಾರಿಗೂ ಶಿಕ್ಷೆ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ. ಹಿಂದಿನದಕ್ಕೆ ಕ್ಷಮೆಯನ್ನೂ ಕೇಳಿದ. ಕಣ್ಣು ಒದ್ದೆಯಾಗಿತ್ತು ಅವನದು. ನಾನು ಮೊದಲನೇ ಲೋಟ ಹಿಡಿದುಕೊಂಡೆ. ಬಿಸಿ ಕೈ ಸುಡುತ್ತಿತ್ತು.

ಮ್ಯಾನೇಜರ್ ಯಾದಗಿರಿಯವನ ಕಡೆ ತಿರುಗಿ ನಗುತ್ತ, "ನೀವೇ ಶುರು ಮಾಡಿ ಸರ್. ಈ ಟೀಗೆ ನೀವೇ ಹೀರೋ," ಅಂದ.

ಅವನು ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ. ಗೋಡೆಯ ಅಕ್ಷರಗಳ ಕಡೆ ನೋಡುತ್ತ, "ಎಲ್ಲಾ ಸರಿ ಐತ್ರಿ ಸರ್. ಈ ವಾರ ನಂದೇನೂ ತಪ್ಪು ಆಗಿಲ್ಲ. ಬೇಕಾದ್ರ ಮೇಡಂ ಅವ್ರನ್ನ ಕೇಳ್ರಿ," ಅಂದ.

ಮೇಡಂ. ಹಾಲ್ ತುಂಬ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಾಯ್ ನೆಲ ನೋಡುತ್ತಿದ್ದರು. ನಾನು ಬಾಯಿ ಬಿಟ್ಟರೆ ಒಬ್ಬನಲ್ಲ, ಇಬ್ಬರು ಹೋಗುತ್ತಾರೆ. ಮ್ಯಾನೇಜರ್ ಕೊಟ್ಟ ಮಾತನ್ನು ನಾನೇ ತಂದು ಇವರ ಮುಂದಿಟ್ಟಿದ್ದೆ. ಆ ಗಳಿಗೆಯಲ್ಲಿ ಅದನ್ನು ನಾನೂ ನಂಬಲಿಲ್ಲ.

"ಹೌದು," ಅಂದೆ.

ಚಪ್ಪಾಳೆ ಬಿತ್ತು. "ತಪ್ಪೇ ಇಲ್ಲ ಅಂದ್ರೆ ಇನ್ನೂ ಒಳ್ಳೇದೇ ಅಲ್ವಾ," ಅಂದು ಮ್ಯಾನೇಜರ್ ಮೊದಲನೇ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಅವನಿಗೇ ಕೊಟ್ಟ. ಅವನು ಕುಡಿದ. ಫೋಟೋ ಆಯಿತು. ಎಲ್ಲರೂ ಸಮೋಸಾದ ಕಡೆ ಹೋದರು.

ಆಮೇಲೆ ನಾನು ಲೋಟ ತೊಳೆಯುವಲ್ಲಿಗೆ ಅವನು ಬಂದ. ತನ್ನ ಲೋಟವನ್ನು ತಾನೇ ತೊಳೆದಿಟ್ಟ. ಮೆಲ್ಲಗೆ, "ಭಾಳ ಉಪಕಾರ ಆತು ಅಕ್ಕಾರ," ಅಂದ. ಮನೆಯಲ್ಲಿ ಅನ್ನ ಹಾಕಿದವರಿಗೆ ಹೇಳುವಂಥ ದನಿ. ಡ್ರಾಯರಿನಿಂದ ಒಂದು ಕೆಂಪು ಪಟ್ಟಿ ತಂದು ಅವನ ಕೈಗಿಟ್ಟೆ. ಮುಟ್ಟಿ ನೋಡಿ ವಾಪಸ್ ಕೊಟ್ಟ. "ಬ್ಯಾಗ್ ಚೆಕ್ ಮಾಡ್ತಾರ್ರಿ," ಅಂದ.

"ಆಯ್ತು ಬಿಡು. ಆ ಹೊರಮಾವಿಗೆ ಒಂದ್ಸಲ ಹೋಗಿ ನೋಡ್ಕೊಂಡು ಬಾ. ಭಾಯ್ ಒಂದು ಜಂಪರ್ ತೆಗ್ದಿದ್ದಾರೆ. ನೀನು ಹಾಕಿದ್ದು ಒಂದೇನಾ ಎರಡಾ ಅಂತ ನಿಂಗೆ ಮಾತ್ರ ಗೊತ್ತು. ಈಗ ಸರಿ ಇದೆಯಾ ಅಂತ ನೋಡು."

ಅವನು ಹಾಲಿನ ಕಡೆ ಒಮ್ಮೆ ತಿರುಗಿ ನೋಡಿದ. ಹಿಂದೊಮ್ಮೆ ಕೆ.ಆರ್. ಪುರದ ಬ್ರಿಜ್ ಮೇಲಿಂದ ಮಳೆಯಲ್ಲಿ ಗಾಡಿ ತಿರುಗಿಸಿದ್ದವನು ಇವನೇ.

"ಬ್ಯಾಡ್ರಿ ಅಕ್ಕಾರ. ಮತ್ತ ಅಲ್ಲಿಗಿ ಹೋದ್ರ ಆ್ಯಪ್‌ನಾಗ ಕಾಣ್ತದ. ಯಾಕ ಹೋಗಿದ್ದಿ ಅಂತ ಕೇಳ್ತಾರ."

ಹಾಗಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ನಾನು ಭಾಯ್ ಹತ್ತಿರ ಹೋಗಿ, ನೀವಾದರೂ ಒಮ್ಮೆ ಹೋಗಿ ನೋಡಿ ಅಂದೆ. ಅವರ ಹೆಸರಿನ ಮುಂದೆ ಬೇರೊಂದು ಲಿಫ್ಟಿನ ಕೆಂಪು ಚುಕ್ಕೆ ಆಗಲೇ ಬಿದ್ದಿತ್ತು, ಇನ್ನೊಂದು ಬೀಳುವುದು ಬೇಡ ಅಂದರು. ಆ ಬಿಲ್ಡಿಂಗಿನ ಸೆಕ್ಯೂರಿಟಿಗೆ ಫೋನ್ ಮಾಡಿದೆ. ಲಿಫ್ಟ್ ಚೆನ್ನಾಗಿ ಓಡುತ್ತಿದೆ ಮೇಡಂ, ಅಜ್ಜಿ ಈಗ ತಾನೇ ಅದರಲ್ಲೇ ಮೇಲೆ ಹೋದರು ಅಂದ.